ಎರೆ ಮಣ್ಣು, ಸವಳು ನೀರು ಮತ್ತು ನಮ್ಮ ಆಸ್ಪತ್ರೆಯ ಮಷೀನುಗಳು

ವಿಜಯಪುರ ಜಿಲ್ಲೆಯ ಒಂದು ತಾಲೂಕು ಊರಿನ ಸಣ್ಣ ಆಸ್ಪತ್ರೆಯಲ್ಲಿ ಮಷೀನುಗಳ ಉಸ್ತುವಾರಿ ನನ್ನದು. ಕಂಪನಿ ಎಂಜಿನಿಯರ್ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕು. ಬಂದರೆ ವಿಸಿಟ್ ಚಾರ್ಜ್ ಬೇರೆ. ಹಾಗಾಗಿ ವೆಂಟಿಲೇಟರ್, ಎಕ್ಸ್-ರೇ ಎರಡಕ್ಕೆ ಮಾತ್ರ ಬಿಡಿಭಾಗವೂ ಸೇರಿದ ಸಿಎಂಸಿ, ಅಂದರೆ ಕಂಪನಿಯೊಂದಿಗೆ ಪೂರ್ಣ ನಿರ್ವಹಣೆಯ ಒಪ್ಪಂದ, ಮಾಡಿಸಿದ್ದೇವೆ. ಅವುಗಳ ಒಳಗೆ ನಾನು ಕೈ ಹಾಕುವುದಿಲ್ಲ. ಉಳಿದವಕ್ಕೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಅಂತ ದುಡ್ಡು ಕಟ್ಟುವುದು ನನ್ನ ಲೆಕ್ಕದಲ್ಲಿ ದಂಡ. ಯಾಕಂದ್ರೆ ನಮ್ಮಲ್ಲಿ ಮಷೀನ್ ಕೆಡುವುದು ಜಾಸ್ತಿ ನೀರು, ಧೂಳು, ಕರೆಂಟಿನಿಂದಲೇ.

ಬೇಸಿಗೆ ಬಂತೆಂದರೆ ಸಿಸ್ಟರ್ ಕಡೆಯಿಂದ ಒಂದೇ ದೂರು: "ಸರ್, ಇಸಿಜಿ ಬರೋಬರಿ ಬರವಲ್ದು ನೋಡ್ರಿ." ನೋಡಿದರೆ ಗೆರೆಯೆಲ್ಲ ಗರಗಸದ ಹಲ್ಲು. ಮೊದಲು ಲೀಡ್ ಮತ್ತು ಜೆಲ್ ನೋಡುತ್ತೇನೆ. ಅವು ಸರಿಯಿದ್ದರೆ ಪ್ಲಗ್ ತೆಗೆದು ಬ್ಯಾಟರಿ ಮೇಲೆ ಓಡಿಸುತ್ತೇನೆ. ಗೆರೆ ಸ್ವಚ್ಛವಾಗಿ ಬಂತೋ, ತೊಂದರೆ ಕರೆಂಟಿನ ಕಡೆಯದು, ಮಷೀನ್ ಬಿಚ್ಚುವ ಮಾತೇ ಇಲ್ಲ. ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ತಿಂಗ್ ನಡುವೆ ಮಲ್ಟಿಮೀಟರ್ ಹಿಡಿಯುತ್ತೇನೆ. 2-3 ವೋಲ್ಟ್ ಒಳಗಿದ್ದರೆ ಚೆನ್ನ, ಅದಕ್ಕಿಂತ ಬಹಳ ಮೇಲಿದ್ದರೆ ಹಿತ್ತಿಲಿನ ಅರ್ತಿಂಗ್ ಗುಂಡಿ ನೋಡಬೇಕು. ನಮ್ಮದು ಎರೆ ಮಣ್ಣು. ಬಿಸಿಲಿಗೆ ಒಣಗಿ ಬಿರಿದು ಪೈಪಿನ ಸುತ್ತ ಬೆರಳು ಹೋಗುವಷ್ಟು ಸಂದು ಬಿಡುತ್ತದೆ. ಪೈಪಿಗೆ ಮಣ್ಣೇ ತಾಗದಿದ್ದರೆ ಅರ್ತಿಂಗ್ ಎಲ್ಲಿಂದ ಬರಬೇಕು? ಈಗ ವಾಚ್‌ಮನ್ ಕಾಕಾ ಬೇಸಿಗೆಯುದ್ದಕ್ಕೂ ಆ ಗುಂಡಿಗೆ ಕೊಡ ನೀರು ಸುರಿಯುತ್ತಾರೆ. "ಗಿಡಾನೂ ಇಲ್ಲ, ಬಳ್ಳೀನೂ ಇಲ್ಲ, ಯಾರಿಗ್ರಿ ಈ ನೀರು?" ಅಂತ ಮೊದಮೊದಲು ನಗುತ್ತಿದ್ದರು.

ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್‌ಗೆ ಮಾತ್ರ ನಮ್ಮ ಬೋರಿನ ಸವಳು ನೀರು ಹಾಕಬಾರದು. ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ಅದರ ಶಾಖ ನೀರಿಗೆ ಇಳಿಯದೆ ಕಾಯಿಲೇ ಸುಟ್ಟುಹೋಗುತ್ತದೆ. ಆರ್‌ಒ ನೀರು ಹಾಕಲು ಶುರುಮಾಡಿದ ಮೇಲೆ ಕಾಯಿಲ್ ಬದಲಿಸುವ ಖರ್ಚು ಕಡಿಮೆಯಾಯಿತು. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಒಂದು ಸದಾ ಕಪಾಟಿನಲ್ಲಿರುತ್ತದೆ. ಇನ್ನೊಂದು ಮಾತು, ಇದನ್ನು ಸಿಸ್ಟರ್‌ಗಳಿಗೆ ಹೇಳಿ ಹೇಳಿ ಸಾಕಾಗಿದೆ: ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ವಾಲ್ವ್ ಮುಚ್ಚಿದರೆ ಗೇಜು 15 ಪೌಂಡ್ ತೋರಿಸಿದರೂ ಒಳಗೆ 121 ಡಿಗ್ರಿ ಆಗಿರುವುದಿಲ್ಲ. ಮುಳ್ಳು ನೋಡಿ ನಂಬಬೇಡಿ, ಪ್ರತಿ ಲೋಡಿಗೂ ಒಳಗೆ ಇಂಡಿಕೇಟರ್ (ಸರಿಯಾದ ಹಬೆ ತಾಗಿದರೆ ಬಣ್ಣ ಬದಲಿಸುವ ಪಟ್ಟಿ) ಇಡಿ.

ಸಕ್ಷನ್ ಮಷೀನ್, ಬಿಪಿ ಕಫ್ ವಿಷಯ ಹೇಳುವುದೇನೂ ಇಲ್ಲ. ಟ್ಯೂಬು, ಗಾಳಿ ಒತ್ತುವ ರಬ್ಬರ್ ಬಲ್ಬು, ಬಾಟಲಿ ಮುಚ್ಚಳದ ವಾಷರ್ ಸ್ಟಾಕ್ ಇಟ್ಟುಕೊಂಡರೆ ಆಯ್ತು.

ತಲೆನೋವೆಂದರೆ ಕೊರೊನಾ ಕಾಲದಲ್ಲಿ ದಾನವಾಗಿ ಬಂದ, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು. ಸ್ಟೋರ್ ರೂಮಿನಲ್ಲಿ ಸುಮ್ನೆ ಇಟ್ಟರೆ ಹಾಳಾಗಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗಲ್ಲ. ನೈಟ್ರೋಜನ್ ಹಿಡಿದಿಡುವ ಒಳಗಿನ ಜಿಯೋಲೈಟ್ ಹರಳು ನಿಂತಲ್ಲೇ ತೇವ ಹೀರಿಕೊಳ್ಳುತ್ತದೆ. ಆಮೇಲೆ ಮಷೀನ್ ಗುಂಯ್ ಎಂದು ಓಡುತ್ತದೆ, ಗಾಳಿಯೂ ಬರುತ್ತದೆ, ಆಕ್ಸಿಜನ್ ಮಾತ್ರ ಇರಬೇಕಾದಷ್ಟು ಇರುವುದಿಲ್ಲ. ಅದಕ್ಕೇ ತಿಂಗಳಿಗೊಮ್ಮೆ ಎಲ್ಲವನ್ನೂ ಹೊರಗೆಳೆದು ಓಡಿಸುತ್ತೇನೆ. ವಾರ್ಡಿನಲ್ಲಿರುವವುಗಳ ಸ್ಪಂಜ್ ಫಿಲ್ಟರ್ ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕುತ್ತೇವೆ. ಆಕ್ಸಿಜನ್ ಪ್ರಮಾಣ ಅಳೆಯುವ ಅನಲೈಸರ್‌ನಲ್ಲಿ ಶೇಕಡಾ 90 ದಾಟಿದರೆ ನಿಶ್ಚಿಂತೆ. 82ಕ್ಕಿಂತ ಕೆಳಗಿಳಿದದ್ದನ್ನು ವಾರ್ಡಿಗೆ ಬಿಡುವುದಿಲ್ಲ. ಅನಲೈಸರ್ ನಮ್ಮಲ್ಲಿರುವುದು ಒಂದೇ. ಪಕ್ಕದ ನರ್ಸಿಂಗ್ ಹೋಮಿನವರೂ ಒಯ್ಯುತ್ತಾರೆ, ಸೆನ್ಸರ್ ಬದಲಿಸುವಾಗ ಖರ್ಚಿನಲ್ಲಿ ಅರ್ಧ ಅವರದು.