ವಿಮಾನದ ಬಾಗಿಲವರೆಗೂ ನನ್ನದೇ ಕುರ್ಚಿ

2025ರ ಫೆಬ್ರವರಿಯಲ್ಲಿ ನಾನು ಮತ್ತು ನನ್ನ ತಂಗಿ ಆರು ದಿನ ಸಿಂಗಪುರಕ್ಕೆ ಹೋಗಿಬಂದೆವು. ಆಸ್ಪತ್ರೆ ಕೆಲಸಕ್ಕಲ್ಲ, ಯಾರದೋ ಮದುವೆಗಲ್ಲ, ಸುಮ್ನೆ ಊರು ನೋಡೋಕೆ. 2010ರ ಕೊನೆಯಲ್ಲಿ ರಸ್ತೆ ಅಪಘಾತದಲ್ಲಿ ನನ್ನ ಬೆನ್ನುಹುರಿಗೆ ಪೆಟ್ಟಾಯಿತು. ಅವತ್ತಿನಿಂದ ಸೊಂಟದ ಕೆಳಗೆ ಚಲನೆಯೂ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಇಲ್ಲ. ಕೈಗಳು ಗಟ್ಟಿಯಾಗಿವೆ. ಮೈಸೂರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ, ಕೈಯಿಂದ ತಳ್ಳುವ ವೀಲ್‌ಚೇರ್‌ನಲ್ಲಿ ಓಡಾಡುತ್ತೇನೆ. ಪ್ರವಾಸ ಮುಗಿಸಿ ಬಂದ ಮೇಲೆ ನನ್ನ ಹಾಗೆಯೇ ಇರುವ ಕೆಲವರು ಫೋನ್ ಮಾಡಿ, ಎಲ್ಲಾ ಹೇಗೆ ಮಾಡಿದ್ರಿ ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಂಗಿಗೆ ಯುರೋಪ್ ನೋಡುವ ಆಸೆ ಇತ್ತು. ಸಿಂಗಪುರ ಅಂತ ಹಟ ಹಿಡಿದದ್ದು ನಾನು. ಬೆಂಗಳೂರಿನಿಂದ ನೇರ ವಿಮಾನ, ಸುಮಾರು ನಾಲ್ಕೂವರೆ ಗಂಟೆ. ವೀಲ್‌ಚೇರ್‌ನವರು ವಿಮಾನ ಹತ್ತುವುದು ಎಲ್ಲರಿಗಿಂತ ಮೊದಲು, ಇಳಿಯುವುದು ಎಲ್ಲರಿಗಿಂತ ಕೊನೆಗೆ. ನಡುವೆ ವಿಮಾನ ಬದಲಿಸುವುದಿದ್ದರೆ ಆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮೊದಲ ಸಲ ಹೋಗುವವರು ನೇರ ವಿಮಾನಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ಇನ್ನೊಂದು ವಿಷಯ ನೋಡಿ ಟಿಕೆಟ್ ತಗೊಂಡೆ. ಅದು ವಿಮಾನದ ಗಾತ್ರ. ನಡುವೆ ಒಂದೇ ದಾರಿ ಇರುವ ಸಣ್ಣ ವಿಮಾನದ ಟಾಯ್ಲೆಟ್‌ಗೆ ನನ್ನಂಥವರು ಹೋಗುವುದು ಬಹಳ ಕಷ್ಟ. ಎರಡು ದಾರಿ ಇರುವ ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ ಸ್ವಲ್ಪ ಅಗಲದ ಒಂದು ಟಾಯ್ಲೆಟ್ ಇರುತ್ತದೆ, ಅಲ್ಲಿವರೆಗೆ ಕರೆದೊಯ್ಯಲು ಐಲ್ ಚೇರ್ ಅನ್ನುವ ಸಪೂರ ಕುರ್ಚಿಯೂ ಇರುತ್ತದೆ. ಅದೇ ಎರಡು ಊರುಗಳ ನಡುವೆ ಎರಡೂ ಥರದ ವಿಮಾನ ಹಾರುವುದುಂಟು. ಬುಕ್ ಮಾಡುವಾಗ ವಿಮಾನದ ಮಾದರಿ ಕಾಣುತ್ತದೆ, ನೋಡಿಕೊಳ್ಳಿ.

ಟಿಕೆಟ್ ಆದ ಮೇಲೆ ವೀಲ್‌ಚೇರ್ ಸಹಾಯ ಕೇಳಬೇಕು. ಇಲ್ಲೇ ಬಹಳ ಜನ ಎಡವುವುದು. ‘ವೀಲ್‌ಚೇರ್ ಬೇಕು’ ಅಂದರೆ ಸಾಲದು. ವಿಮಾನದವರ ಭಾಷೆಯಲ್ಲಿ ಇದಕ್ಕೆ ಮೂರು ಕೋಡ್ ಇವೆ. ಡಬ್ಲ್ಯುಸಿಎಚ್‌ಆರ್ ಅಂದರೆ ದೂರ ನಡೆಯಲು ಆಗದು, ಆದರೆ ಮೆಟ್ಟಿಲು ಹತ್ತಬಲ್ಲರು. ಡಬ್ಲ್ಯುಸಿಎಚ್‌ಎಸ್ ಅಂದರೆ ಮೆಟ್ಟಿಲು ಆಗದು, ವಿಮಾನದ ಒಳಗೆ ನಾಲ್ಕು ಹೆಜ್ಜೆ ಇಡಬಲ್ಲರು. ಡಬ್ಲ್ಯುಸಿಎಚ್‌ಸಿ ಅಂದರೆ ಸೀಟಿನವರೆಗೂ ಕುರ್ಚಿಯಲ್ಲೇ ಕರೆದೊಯ್ಯಬೇಕು. ನನ್ನದು ಮೂರನೆಯದು. ಫೋನ್‌ನಲ್ಲಿ ಮಾತಾಡಿದವರು ಮೊದಲನೆಯದನ್ನು ಹಾಕಿದ್ದರು. ಹಾಗೇ ಬಿಟ್ಟಿದ್ದರೆ ಬಾಗಿಲ ಹತ್ತಿರ ಐಲ್ ಚೇರ್ ಇರುತ್ತಿರಲಿಲ್ಲ, ಎತ್ತಿ ಕೂರಿಸಲು ಜನವೂ ಇರುತ್ತಿರಲಿಲ್ಲ. ಮೂರು ಸಲ ಫೋನ್ ಮಾಡಿ ಸರಿ ಮಾಡಿಸಿ, ಇಮೇಲ್‌ನಲ್ಲಿ ಬರೆಸಿಕೊಂಡೆ. ನಮ್ಮ ದೇಶದ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ 48 ಗಂಟೆ ಮೊದಲು ತಿಳಿಸಿ ಅಂತ ಇದೆ. ನಾನು ಟಿಕೆಟ್ ತಗೊಂಡ ದಿನವೇ ತಿಳಿಸಿದ್ದೆ, ಹೊರಡುವ ಮೂರು ದಿನ ಮುಂಚೆ ಇನ್ನೊಮ್ಮೆ ನೆನಪಿಸಿದೆ.

ಆ ನಿಯಮವನ್ನು ಪ್ರಿಂಟ್ ಮಾಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಹತ್ತುವಾಗ, ಇಳಿಯುವಾಗ ಮಾತ್ರ ಸಹಾಯ ಬೇಕಾದವರಿಂದ ವೈದ್ಯರ ಸರ್ಟಿಫಿಕೇಟ್ ಕೇಳುವ ಹಾಗಿಲ್ಲ ಅಂತ ಅದರಲ್ಲಿದೆ. ಯಾಕೆ ಇಷ್ಟು ಎಚ್ಚರಿಕೆ ಅಂದರೆ, ಜೀಜಾ ಘೋಷ್ ಅವರ ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ, ಇರುವ ಕೋಲ್ಕತ್ತಾದ ಹೋರಾಟಗಾರ್ತಿ ಅವರು. 2012ರಲ್ಲಿ ವಿಮಾನ ಹತ್ತಿ ಸೀಟಿನಲ್ಲಿ ಕೂತಿದ್ದವರನ್ನು ಕೆಳಗಿಳಿಸಿದರು. ಅವರು ಸುಮ್ಮನಿರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಾವು ಇವತ್ತು ಕೌಂಟರಿನಲ್ಲಿ ದನಿ ಎತ್ತಿ ಮಾತಾಡುವ ಧೈರ್ಯದಲ್ಲಿ ಅವರ ಪಾಲು ದೊಡ್ಡದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಚೆಕ್-ಇನ್ ಕೌಂಟರಿನಲ್ಲಿ ‘ನಿಮ್ಮ ಚೇರ್ ಇಲ್ಲೇ ಕೊಟ್ಟುಬಿಡಿ, ನಮ್ಮ ಚೇರ್‌ನಲ್ಲಿ ಕೂತ್ಕೊಳ್ಳಿ’ ಅನ್ನುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಅನ್ನುತ್ತಾರೆ. ಒಪ್ಪಬೇಡಿ. ವಿಮಾನ ನಿಲ್ದಾಣದ ಕುರ್ಚಿ ಎಲ್ಲರ ಅಳತೆಗೂ ಅಂತ ಮಾಡಿದ್ದು. ಅದರ ಸೀಟು ಜೋಲುತ್ತದೆ, ನಾನೇ ತಳ್ಳಿಕೊಂಡು ಹೋಗಲು ಬರುವುದಿಲ್ಲ. ಅದರಲ್ಲಿ ಎರಡು ಗಂಟೆ ಕೂತರೆ ನನಗೆ ನೋವು ಗೊತ್ತಾಗುವುದಿಲ್ಲ, ಆದರೆ ಚರ್ಮ ಒಡೆಯುತ್ತದೆ. ಒತ್ತಡದ ಹುಣ್ಣು ಒಮ್ಮೆ ಆದರೆ ತಿಂಗಳುಗಟ್ಟಲೆ ಹಾಸಿಗೆ. ಹಾಗಾಗಿ ವಿಮಾನದ ಬಾಗಿಲವರೆಗೂ ನನ್ನ ಚೇರ್‌ನಲ್ಲೇ ಬರುತ್ತೇನೆ, ಅಲ್ಲಿ ಕೊಡುತ್ತೇನೆ, ಇಳಿದಾಗಲೂ ಬಾಗಿಲಲ್ಲೇ ಬೇಕು ಅಂತ ಹೇಳಿದೆ. ಅದಕ್ಕೆ ಬೇರೆ ಟ್ಯಾಗ್ ಹಾಕುತ್ತಾರೆ. ಟ್ಯಾಗ್ ಹಾಕಿದ ಮೇಲೆ ಓದಿ ನೋಡಿದೆ. ‘ಇವರಿಗೆ ಸ್ವಲ್ಪಾನೂ ನಡೆಯೋಕೆ ಆಗಲ್ವಾ?’ ಅಂತ ಅಲ್ಲಿದ್ದವರು ತಂಗಿಯನ್ನು ಕೇಳಿದರು. ಅವಳು, ‘ಅಕ್ಕನ್ನೇ ಕೇಳಿ ಸರ್’ ಅಂದು ಪಾಸ್‌ಪೋರ್ಟ್ ತೆಗೆಯತೊಡಗಿದಳು. ಮನೆಯಿಂದ ಹೊರಡುವಾಗಲೇ ಹೀಗೆ ಅನ್ನಬೇಕು ಅಂತ ಮಾತಾಡಿಕೊಂಡಿದ್ದೆವು. ಜೊತೆಯಲ್ಲಿ ಬರುವವರ ಹತ್ತಿರ ಈ ಮಾತು ಮೊದಲೇ ಆಗಿರಲಿ.

ಭದ್ರತಾ ತಪಾಸಣೆಯಲ್ಲಿ ಮಹಿಳಾ ಸಿಬ್ಬಂದಿ ಪರದೆಯ ಹಿಂದೆ, ಕುರ್ಚಿಯಲ್ಲಿ ಕೂತಂತೆಯೇ ನೋಡಿದರು. ಬೆನ್ನಿನಲ್ಲಿ ರಾಡ್ ಇದೆ, ಕಾಲಿಗೆ ಸ್ಪರ್ಶ ಇಲ್ಲ ಅಂತ ಮೊದಲೇ ಹೇಳಿದೆ. ಐದು ನಿಮಿಷದ ಕೆಲಸ.

ಬಾಗಿಲ ಹತ್ತಿರ ಚೇರ್ ಕೊಡುವ ಮುಂಚೆ ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ ಒಂದು ಬಟ್ಟೆ ಚೀಲಕ್ಕೆ ಹಾಕಿದೆವು. ದಿಂಬು, ಎರಡು ಪಕ್ಕದ ಗಾರ್ಡ್, ಹಿಂದಿನ ಚಿಕ್ಕ ಚಕ್ರ. ಕೆಲವು ವರ್ಷದ ಹಿಂದೆ ದೇಶದೊಳಗಿನ ಒಂದು ಪ್ರಯಾಣದಲ್ಲಿ ನನ್ನ ಚೇರ್‌ನ ರಿಮ್ ಸೊಟ್ಟಗಾಗಿ ಬಂತು. ಮೊದಲೇ ಹಾಗಿತ್ತು ಅಂದುಬಿಟ್ಟರು, ನನ್ನ ಹತ್ತಿರ ಫೋಟೋ ಇರಲಿಲ್ಲ. ಈಗ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಟ್ಯಾಗ್ ಕಾಣುವ ಹಾಗೆ ಒಂದು ತೆಗೆದೇ ಕೊಡುತ್ತೇನೆ. ದೇಶದೇಶಗಳ ನಡುವಿನ ವಿಮಾನ ಪ್ರಯಾಣಕ್ಕೆ ಅನ್ವಯಿಸುವ ಮಾಂಟ್ರಿಯಲ್ ಒಪ್ಪಂದದ ಲೆಕ್ಕದಲ್ಲಿ ವೀಲ್‌ಚೇರ್ ಕೂಡ ಲಗೇಜೇ. 2024ರ ಡಿಸೆಂಬರ್ 28ರಿಂದ ಅದರ ಪರಿಹಾರದ ಮಿತಿ 1519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ), ನಮ್ಮ ದುಡ್ಡಿನಲ್ಲಿ ಒಂದೂವರೆ ಲಕ್ಷ ದಾಟುತ್ತದೆ. ಚೇರ್ ಅದಕ್ಕಿಂತ ದುಬಾರಿಯಾಗಿದ್ದರೆ ಹೊರಡುವ ಮುಂಚೆಯೇ ಬೆಲೆ ಘೋಷಿಸಿ ಬರೆಸಲು ಅವಕಾಶ ಇದೆ. ನನ್ನ ಕಾಲನ್ನು ಸೂಟ್‌ಕೇಸಿನ ಜೊತೆ ತೂಗುವುದು ನ್ಯಾಯ ಅಂತ ನನಗೆ ಅನಿಸಿಲ್ಲ. ಆದರೆ ಈಗಿರುವ ಕಾನೂನು ಅಷ್ಟೇ.

ಬ್ಯಾಟರಿ ವೀಲ್‌ಚೇರ್ ಇರುವವರಿಗೆ ಒಂದು ಮಾತು. ಬಿಚ್ಚಿ ತೆಗೆಯುವಂಥ ಲಿಥಿಯಂ ಬ್ಯಾಟರಿ ಒಂದಿದ್ದರೆ 300 ವ್ಯಾಟ್-ಅವರ್‌ವರೆಗೆ, ಎರಡಿದ್ದರೆ ತಲಾ 160ರವರೆಗೆ ಬಿಡುತ್ತಾರೆ. ತೆಗೆದ ಬ್ಯಾಟರಿ ನಿಮ್ಮ ಜೊತೆಯಲ್ಲೇ ಒಳಗೆ ಬರಬೇಕು. ಬ್ಯಾಟರಿಯ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಕಂಪನಿಯಿಂದ ಪತ್ರ ತರಿಸಿಕೊಳ್ಳಿ.

ಐಲ್ ಚೇರ್‌ಗೆ ಎತ್ತಿ ಕೂರಿಸಲು ಇಬ್ಬರು ಹುಡುಗರು ಬಂದಿದ್ದರು. ಅವರಿಗೆ ಗೊತ್ತಿರುತ್ತದೆ ಅಂತ ಸುಮ್ಮನಿರಬಾರದು. ನನ್ನ ಮೈ ನನಗೇ ಗೊತ್ತು. ಒಬ್ಬರು ಹಿಂದಿನಿಂದ ಕಂಕುಳ ಕೆಳಗೆ ಕೈ ಹಾಕಿ ನನ್ನ ಮುಂಗೈ ಹಿಡಿಯಬೇಕು, ಇನ್ನೊಬ್ಬರು ಮಂಡಿಯ ಕೆಳಗೆ. ಎಣಿಸುವುದು ನಾನು, ಮೂರು ಅಂದ ಮೇಲೆಯೇ ಎತ್ತಬೇಕು. ಇಷ್ಟು ಹೇಳಿದೆ. ಇಬ್ಬರೂ ಗಮನ ಕೊಟ್ಟು ಕೇಳಿ ಹಾಗೇ ಮಾಡಿದರು. ಐಲ್ ಸೀಟಿನ ಹೊರಗಿನ ತೋಳು ಮೇಲೆ ಏಳುವುದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಲವು ಸೀಟುಗಳಲ್ಲಿ ಅದರ ಅಡಿಯಲ್ಲಿ, ಹಿಂದುಗಡೆ, ಒಂದು ಗುಂಡಿ ಇರುತ್ತದೆ. ಒತ್ತಿದರೆ ತೋಳು ಮೇಲೆ ಹೋಗುತ್ತದೆ, ಪಕ್ಕದಿಂದ ಜಾರಿ ಕೂರಬಹುದು. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಜಾಗ ಜಾಸ್ತಿ ಅಂತ ಅದನ್ನೇ ಕೇಳಬೇಡಿ. ಅಲ್ಲಿ ಊಟದ ಟ್ರೇ ತೋಳಿನ ಒಳಗೇ ಇರುವುದರಿಂದ ತೋಳು ಸಾಮಾನ್ಯವಾಗಿ ಏಳುವುದೇ ಇಲ್ಲ.

ಸೀಟಿನ ಮೇಲೆ ನನ್ನ ದಿಂಬನ್ನೇ ಹಾಕಿಕೊಂಡೆ. ಅದು ಗಾಳಿ ತುಂಬಿದ್ದು. ಮೇಲೆ ಹೋದಾಗ ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ದಿಂಬು ಬಿಗಿಯಾಗಿ ಕಲ್ಲಿನ ಹಾಗಾಗುತ್ತದೆ. ಸ್ವಲ್ಪ ಗಾಳಿ ಬಿಡಬೇಕು. ಇಳಿದ ಮೇಲೆ ಮತ್ತೆ ತುಂಬಬೇಕು, ಮರೆತರೆ ಮೂಳೆ ಕುರ್ಚಿಗೆ ತಾಗುತ್ತದೆ. ಪಂಪ್ ಕೈಚೀಲದಲ್ಲೇ ಇರಲಿ. ಅರ್ಧ ಗಂಟೆಗೊಮ್ಮೆ ಎರಡೂ ಕೈ ಊರಿ ಮೈ ಎತ್ತುತ್ತಿದ್ದೆ. ಹಿಂದೆ ಜೇಬು, ಗುಂಡಿ ಇಲ್ಲದ ಪ್ಯಾಂಟು, ಒಂದು ಸೈಜ್ ದೊಡ್ಡ ಶೂ. ಕೂತಲ್ಲೇ ಕೂತರೆ ಪಾದ ಊದಿಕೊಳ್ಳುತ್ತದೆ.

ಇನ್ನು ಯಾರೂ ಬಾಯಿಬಿಟ್ಟು ಕೇಳದ, ಆದರೆ ಎಲ್ಲರಿಗೂ ಬೇಕಾದ ಮಾತು. ಮೂತ್ರದ್ದು. ನನಗೆ ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆಯಬೇಕು. ಮೊದಲೆಲ್ಲ ಪ್ರಯಾಣ ಅಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಿದ್ದೆ. ಹಾಗೆ ಮಾಡಿ ಎರಡು ಸಲ ಮೂತ್ರದ ಸೋಂಕಾಗಿ ಜ್ವರದಲ್ಲಿ ಮಲಗಿದ್ದೇನೆ. ಈಗ ನೀರು ಬಿಡುವುದಿಲ್ಲ. ವಿಮಾನ ಹಾರುವುದು ನಾಲ್ಕೂವರೆ ಗಂಟೆಯಾದರೂ, ಮೊದಲು ಹತ್ತಿ ಕೊನೆಗೆ ಇಳಿಯುವ ಹೊತ್ತಿಗೆ ಆರು ಗಂಟೆ ದಾಟುತ್ತದೆ. ವಿಮಾನ ಹತ್ತಲು ಕರೆಯುವ ಮುಂಚೆಯೇ ಗೇಟಿನ ಪಕ್ಕದ ಟಾಯ್ಲೆಟ್‌ಗೆ ಹೋಗಿಬಂದೆ. ಹತ್ತಿದ ಕೂಡಲೇ ಗಗನಸಖಿಗೆ, ಊಟ ಮುಗಿದ ಮೇಲೆ ಒಂದು ಸಲ ಐಲ್ ಚೇರ್ ಬೇಕಾಗುತ್ತದೆ ಅಂತ ಹೇಳಿಟ್ಟೆ. ಅವರು ಬಾಗಿಲವರೆಗೆ ಕರೆದೊಯ್ದರು, ಒಳಗೆ ತಂಗಿ ಜೊತೆಗಿದ್ದಳು. ಕ್ಯಾಥೆಟರ್‌ಗಳನ್ನು ಎರಡು ಕಡೆ ಹಂಚಿ, ಎರಡನ್ನೂ ಕ್ಯಾಬಿನ್ ಬ್ಯಾಗಿನಲ್ಲೇ ಇಟ್ಟಿದ್ದೆ. ದಿನಕ್ಕೆ ಬೇಕಾದ್ದಕ್ಕಿಂತ ಎರಡು ಜಾಸ್ತಿ. ಜೊತೆಗೆ ಡಾಕ್ಟರ ಒಂದು ಪುಟದ ಪತ್ರ.

ವೀಸಾ ಏಜೆಂಟ್ ಮೂಲಕ ಆಯಿತು. ಸಿಂಗಪುರದ ಅರೈವಲ್ ಕಾರ್ಡನ್ನು ಅಲ್ಲಿ ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ ಹಣ ಇಲ್ಲ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಬಾಗಿಲು ತೆರೆದಾಗ ನನ್ನ ಚೇರ್ ಅಲ್ಲೇ ಇತ್ತು. ಅದನ್ನು ನೋಡಿದಾಗ ಆದ ನೆಮ್ಮದಿ ಎಷ್ಟು ಅಂತ ಹೇಳಲಾರೆ.

ತೊಂದರೆಯಾದದ್ದು ಹೋಟೆಲಿನಲ್ಲಿ. ‘ವೀಲ್‌ಚೇರ್ ಸ್ನೇಹಿ ಕೋಣೆ’ ಅಂತ ಬರೆದಿದ್ದರು. ಕೋಣೆ ದೊಡ್ಡದಿತ್ತು, ಮಂಚ ಸರಿಯಿತ್ತು. ಬಚ್ಚಲ ಬಾಗಿಲಿನ ಅಗಲ 58 ಸೆಂಟಿಮೀಟರ್, ನನ್ನ ಚೇರ್ 61. ನಾನು ಇಮೇಲ್‌ನಲ್ಲಿ ಕೋಣೆಯ ಬಾಗಿಲಿನ ಅಳತೆ ಕೇಳಿದ್ದೆ, ಬಚ್ಚಲದ್ದು ಕೇಳಿರಲಿಲ್ಲ. ಎರಡು ಗಂಟೆ ಮಾತಾಡಿದ ಮೇಲೆ ಬೇರೆ ಕೋಣೆ ಕೊಟ್ಟರು. ಈಗ ನಾನು ಕೇಳುವುದು ಹೀಗೆ: ಬಚ್ಚಲ ಬಾಗಿಲಿಗೆ ಅಳತೆ ಟೇಪು ಹಿಡಿದು ಒಂದು ಫೋಟೋ ಕಳಿಸಿ, ಕಮೋಡಿನ ಪಕ್ಕದ ಜಾಗದ್ದೂ ಒಂದು.

ಊರಿನೊಳಗೆ ಓಡಾಡುವುದು ಮಾತ್ರ ನಾನು ನೆನೆಸಿದ್ದಕ್ಕಿಂತ ಸುಲಭವಾಗಿತ್ತು. ಅಲ್ಲಿನ ಮೆಟ್ರೋ ರೈಲಾದ ಎಂಆರ್‌ಟಿಯ ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಪ್ಲಾಟ್‌ಫಾರ್ಮ್ ಮತ್ತು ರೈಲಿನ ನೆಲ ಹೆಚ್ಚುಕಡಿಮೆ ಒಂದೇ ಮಟ್ಟ. ಆದರೆ ನಾನು ಹೇಳಬೇಕಾದದ್ದು ಬಸ್ಸಿನ ಬಗ್ಗೆ. ಎರಡನೇ ದಿನ ಸ್ಟಾಪಿನಲ್ಲಿ ನಿಂತಿದ್ದೆವು. ಬಸ್ ಬಂತು. ಚಾಲಕರನ್ನು ಅಲ್ಲಿ ಬಸ್ ಕ್ಯಾಪ್ಟನ್ ಅನ್ನುತ್ತಾರೆ. ಅವರು ಇಳಿದು ಬಂದು, ನಡುವಿನ ಬಾಗಿಲ ಹತ್ತಿರ ನೆಲಕ್ಕೆ ಮಡಚಿಟ್ಟಿದ್ದ ಹಲಗೆಯನ್ನು ಕೈಯಿಂದ ತೆರೆದರು. ನಾನು ತಳ್ಳಿಕೊಂಡು ಒಳಗೆ ಹೋದೆ. ಒರಗು ಹಲಗೆಗೆ ಬೆನ್ನು ಕೊಟ್ಟು, ಹಿಮ್ಮುಖವಾಗಿ ಚೇರ್ ನಿಲ್ಲಿಸಬೇಕು. ಎಲ್ಲಿ ಇಳಿಯುತ್ತೀರಿ ಅಂತ ಕೇಳಿ ಅವರು ತಮ್ಮ ಸೀಟಿಗೆ ಹೋದರು. ಒಳಗಿದ್ದ ಯಾರೂ ನನ್ನನ್ನು ತಿರುಗಿ ನೋಡಲಿಲ್ಲ, ಯಾರಿಗೂ ತಡವಾಯಿತು ಅನಿಸಿದಂತೆ ಕಾಣಲಿಲ್ಲ. ಅಪಘಾತವಾದ ಮೇಲೆ ನಾನು ಬಸ್ ಹತ್ತಿದ್ದು ಅದೇ ಮೊದಲು. ಮೈಸೂರಿನಲ್ಲಿ ನಮ್ಮ ಮನೆಯಿಂದ ಬಸ್ ಸ್ಟಾಪ್ ಇನ್ನೂರು ಹೆಜ್ಜೆ. ಆ ದಾರಿಯಲ್ಲಿ ಫುಟ್‌ಪಾತ್ ಒಂದಡಿ ಎತ್ತರ, ನಾಲ್ಕು ಕಡೆ ಒಡೆದಿದೆ. ಹದಿನಾಲ್ಕು ವರ್ಷ ನನ್ನ ಕಾಲಿಗೆ ಆಗದು ಅಂದುಕೊಂಡಿದ್ದೆ, ಕೊರತೆ ಇದ್ದದ್ದು ಒಂದು ಹಲಗೆಯದು. ತಂಗಿ ಕಿಟಕಿ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡಳು. ಆಮೇಲೆ ಉಳಿದ ದಿನವೆಲ್ಲ ಟ್ಯಾಕ್ಸಿ ಬಿಟ್ಟು ಬಸ್ಸಿನಲ್ಲೇ ಹೋದೆವು, ಕೆಲವೊಮ್ಮೆ ಎಲ್ಲಿಗೂ ಅಲ್ಲ, ಸುಮ್ನೆ.

ಎಲ್ಲಾ ಕಡೆಯೂ ಹಾಗಿಲ್ಲ. ಲಿಟಲ್ ಇಂಡಿಯಾದಲ್ಲಿ ಹಳೆ ಅಂಗಡಿಗಳ ಮುಂದಿನ ಜಗಲಿ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು, ನಡುವೆ ಮೆಟ್ಟಿಲು. ಅಲ್ಲಿ ರಸ್ತೆಗೆ ಇಳಿದೇ ಹೋಗಬೇಕಾಯಿತು. ಗಾರ್ಡನ್ಸ್ ಬೈ ದ ಬೇ ಅನ್ನುವ ದೊಡ್ಡ ಉದ್ಯಾನದಲ್ಲಿ ಅರ್ಧ ದಿನ ಕಳೆದೆವು. ಅಲ್ಲಿನ ಕ್ಲೌಡ್ ಫಾರೆಸ್ಟ್ ಅನ್ನುವ ಗಾಜಿನ ಮನೆಯೊಳಗೆ 35 ಮೀಟರಿನ ಜಲಪಾತ ಇದೆ, ಲಿಫ್ಟಿನಲ್ಲಿ ಮೇಲೆ ಹೋಗಿ ಇಳಿಜಾರಿನ ದಾರಿಯಲ್ಲಿ ಬರಬಹುದು. ಜೋಗ 253 ಮೀಟರ್. ಜೋಗವನ್ನು ಕಂಡ ಕಣ್ಣಿಗೆ ಇದು ಚಿಕ್ಕದು. ಆದರೆ ನೀರಿನ ಹನಿ ಮುಖಕ್ಕೆ ಬೀಳುವಷ್ಟು ಹತ್ತಿರ ನಾನು ಯಾರ ತೋಳೂ ಹಿಡಿಯದೆ ಹೋದೆ.

ವಾಪಸ್ ಬರುವಾಗ ಕೋಡ್ ಇನ್ನೊಮ್ಮೆ ನೋಡಿಕೊಳ್ಳಿ. ಹೋಗುವ ಟಿಕೆಟ್‌ಗೆ ಹಾಕಿದ್ದು ಬರುವುದಕ್ಕೂ ತಾನಾಗಿ ಬಂದಿರುತ್ತದೆ ಅನ್ನುವ ಖಾತ್ರಿ ಇಲ್ಲ. ನಮ್ಮದು ಬಂದಿರಲಿಲ್ಲ.

ಮನೆಗೆ ಬಂದ ರಾತ್ರಿ ತಂಗಿ ಕನ್ನಡಿ ಹಿಡಿದಳು, ನಾನು ಮೈ ಪರೀಕ್ಷೆ ಮಾಡಿಕೊಂಡೆ. ಎಡಗಡೆ ಕೂರುವ ಮೂಳೆಯ ಮೇಲೆ ನಾಣ್ಯದಷ್ಟು ಕೆಂಪಾಗಿತ್ತು. ಮರುದಿನ ರಜೆ ಹಾಕಿ ಬೋರಲಾಗಿ ಮಲಗಿದೆ. ಸಂಜೆಗೆ ಬಣ್ಣ ತಿಳಿಯಾಯಿತು, ಮೂರನೇ ದಿನ ಕೆಲಸಕ್ಕೆ ಹೋದೆ.