ಅರಳುಮರಳಿನ ದೆವ್ವ

ಹೋದ ದೀಪಾವಳಿಗೆ ನನ್ನ ಮಕ್ಕಳ ಕಾದಂಬರಿಯ ಎರಡನೇ ಮುದ್ರಣ ಬಂತು. ಸಣ್ಣ ಪುಸ್ತಕ, 110 ಪುಟ ಇರಬೇಕು. ಶಿವಮೊಗ್ಗದಲ್ಲಿ ಕೂತು ಮಕ್ಕಳಿಗೆ ಬರೆಯುವವನಿಗೆ ಎರಡನೇ ಮುದ್ರಣ ಅಂದರೆ ಏನು ಅಂತ ಬರೆಯುವವರಿಗೇ ಗೊತ್ತು. ಸ್ವಲ್ಪ ಜಂಬ ಕೊಚ್ಚಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ. "ಹಳೇ ಮನೆ, ದೆವ್ವ, ಅಜ್ಜಿ, ಇದೆಲ್ಲ ಈಗ ಓಡಲ್ಲ ಮಾರಾಯ" ಅಂದಿದ್ದವರೇ ಮೊನ್ನೆ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪಾಳುಬಿದ್ದ ತೊಟ್ಟಿ ಮನೆ, ಆರಿದ್ರಾ ಮಳೆ, ಕರೆಂಟಿಲ್ಲ, ಅಟ್ಟದ ಮೇಲೆ ದಬದಬ ಸದ್ದು. ಒಂದು ಬೇಸಿಗೆ ಶಿಬಿರದಲ್ಲಿ ಓದಿದೆ. ಮೂವತ್ತು ಮಕ್ಕಳಿದ್ದರು. ಸದ್ದು ಜೋರಾಗುವ ಹೊತ್ತಿಗೆ ಸರಿಯಾಗಿ ಒಬ್ಬ ಕೈ ಎತ್ತಿದ. "ಅಂಕಲ್, ಅಟ್ಟ ಅಂದ್ರೆ ಲಾಫ್ಟಾ? ನಮ್ಮನೆ ಲಾಫ್ಟಲ್ಲಿ ಸೂಟ್‌ಕೇಸೇ ಹಿಡಿಸಲ್ಲ, ದೆವ್ವ ಹೇಗೆ ಹಿಡಿಸುತ್ತೆ?" ಎಲ್ಲ ನಕ್ಕರು. ಕಥೆ ಅಲ್ಲೇ ಸತ್ತಿತು.

ಎರಡನೇ ಸಲ ಇನ್ನೊಂದು ಕಡೆಗೆ ವಾಲಿದೆ. ಅಮ್ಮನ ತವರುಮನೆ ಶರಾವತಿ ಮುಳುಗಡೆಯಲ್ಲಿ ಹೋದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅದಕ್ಕೂ ಸ್ವಲ್ಪ ಮುಂಚೆಯೇ ಇವರು ಊರು ಬಿಟ್ಟರು. ಆ ಮನೆಯನ್ನೇ ಬರೆದೆ. ಬಚ್ಚಲ ಒಲೆ, ಹಂಡೆ, ಅಡಿಕೆ ಬೇಯಿಸುವ ಕೆಂಪು ರಸ ಚೊಗರಿನ ವಾಸನೆ, ಒಂದೂ ಬಿಡಲಿಲ್ಲ. ದೆವ್ವ ಜಗುಲಿಯಲ್ಲಿ ಕೂತು ಎಲ್ಲವನ್ನೂ ನೆನಪಿಸಿಕೊಂಡು ಹೇಳುತ್ತಿತ್ತು, ಹುಡುಗ ಕೇಳುತ್ತಿದ್ದ. ಓದುವಾಗ ಹಿಂದೆ ನಿಂತ ಅಪ್ಪ ಅಮ್ಮಂದಿರು ಕಣ್ಣು ಒರೆಸಿಕೊಂಡರು. ಅದನ್ನು ನಂಬಿ ಮೋಸ ಹೋದೆ. ಮುಂದೆ ಕೂತ ಮಕ್ಕಳು ಕುರ್ಚಿ ಕಾಲು ಒದೆಯುತ್ತಿದ್ದದ್ದು ನನಗೆ ಕಾಣಲೇ ಇಲ್ಲ.

500 ಪ್ರತಿ ಮಾಡಿಸಿದೆ. ಚಿತ್ರ, ಡಿಟಿಪಿ, ಕಾಗದ ಎಲ್ಲ ಸೇರಿ 42 ಸಾವಿರ ಆಗಿತ್ತು ಅಂತ ನೆನಪು. ಹೆಂಡತಿಯ ಎರಡು ಬಳೆ ಅಡ ಹೋದವು. ಮಾರಿದ್ದು 130, ಅದರಲ್ಲೂ ದುಡ್ಡು ಬಾರದೇ ಹೋದದ್ದು ಎಷ್ಟೋ. ಉಳಿದದ್ದನ್ನು ಮಂಚದ ಕೆಳಗೆ ಇಟ್ಟಿದ್ದೆ, ಒಂದೇ ಮಳೆಗಾಲಕ್ಕೆ ಒರಲೆ ಹಿಡಿಯಿತು. ಒರಲೆಯಾದರೂ ಪೂರ್ತಿ ಓದಿತಲ್ಲ ಅಂತ ಹೆಂಡತಿ ಈಗಲೂ ಹೇಳುತ್ತಾಳೆ.

ಆಮೇಲೆ ಎರಡು ವರ್ಷ ಏನೂ ಬರೆಯಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಕಣ್ಣಿನ ಆಪರೇಷನ್ನಿಗೆ ಅಂತ ನಮ್ಮನೆಗೆ ಬಂದರು. ಎಂಬತ್ತರ ಹತ್ತಿರ. ಮರೆವು ಶುರುವಾಗಿತ್ತು. ಕಾಫಿ ಕುಡಿದು ಲೋಟ ಇಟ್ಟು, "ಇವತ್ತು ಕಾಫಿ ಇಲ್ವನಾ?" ಅನ್ನುವವರು. ಒಂದು ವಿಷಯ ಗಮನಿಸಿದೆ. ಹಾಲ್‌ನಿಂದ ಹೊರಗೆ ಹೋಗುವಾಗಲೆಲ್ಲ ಬಾಗಿಲಲ್ಲಿ ತಲೆ ಬಗ್ಗಿಸುತ್ತಿದ್ದರು. ನಮ್ಮನೆ ಬಾಗಿಲು ಏಳಡಿ. ದೊಡ್ಡಮ್ಮ ಐದಡಿಯೂ ಇಲ್ಲ. ಯಾಕೆ ಬಗ್ಗುತ್ತೀರಿ ಅಂದರೆ, "ಎಂತ, ನಾ ಬಗ್ಗಿದ್ನಾ?" ಅಂದರು. ಅವರಿಗೇ ಗೊತ್ತಿಲ್ಲ! ಮುಳುಗಿದ ಮನೆಯ ಹೆಬ್ಬಾಗಿಲು ಗಿಡ್ಡ ಇತ್ತು. ಅರವತ್ತು ವರ್ಷ ಆದ ಮೇಲೂ ಕುತ್ತಿಗೆ ಅದನ್ನು ಮರೆತಿರಲಿಲ್ಲ.

ಒಂದು ಮಧ್ಯಾಹ್ನ ಸುಮ್ನೆ ಕೈಗೆ ಸೀಮೆಸುಣ್ಣ ಕೊಟ್ಟು, ಆ ಮನೆ ಹೇಗಿತ್ತು ಬರೆದು ತೋರಿಸಿ ಅಂದೆ. ಕೆಂಪು ಕಾವಿ ನೆಲದ ಮೇಲೆ ಜಗುಲಿ, ಅಂಗಳ, ಕೊಟ್ಟಿಗೆ ಸರಸರ ಬಂದವು. ಬಚ್ಚಲಿಂದ ಅಡುಗೆ ಮನೆಗೆ ಬರುವಾಗ ಕೈ ನಿಂತುಬಿಟ್ಟಿತು. ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು, ಒಂಬತ್ತು ವರ್ಷ. ನನ್ನ ಫೇಲಾದ ಕಥೆಯನ್ನು ಹತ್ತು ಸಲ ಕೇಳಿಸಿಕೊಂಡ ಪಾಪದವಳು. "ದೊಡ್ಡಜ್ಜಿ, ಅಲ್ಲಿ ಒಳಕಲ್ಲು ಇತ್ತಲ್ವಾ?" ಅಂದಳು. ದೊಡ್ಡಮ್ಮ ಅವಳ ಮುಖ ನೋಡಿದರು. "ಹೌದಲ್ವೇನೇ! ನೀ ಯಾವಾಗ ನೋಡಿದ್ದು?"

ಮನೆ ನೀರಿಗೆ ಹೋಗಿ ಐವತ್ತು ವರ್ಷದ ಮೇಲೆ ಹುಟ್ಟಿದ ಹುಡುಗಿಗೆ ಈ ಪ್ರಶ್ನೆ. ಅವಳು ಎರಡು ದಿನ ನೆಲಕ್ಕೆ ಕಾಲಿಡಲಿಲ್ಲ. ನನಗೆ ಆಗ ತಿಳಿಯಿತು, ನಾನು ನೆನಪನ್ನೆಲ್ಲ ದೆವ್ವದ ಹತ್ತಿರ ಗುಡ್ಡೆ ಹಾಕಿ ಹುಡುಗನನ್ನು ನೆಂಟನ ಹಾಗೆ ಕೂರಿಸಿದ್ದೆ. ಉಲ್ಟಾ ಮಾಡಬೇಕಿತ್ತು. ದೆವ್ವಕ್ಕೆ ಮರೆವು ಕೊಟ್ಟು, ನೆನಪನ್ನು ಮಗುವಿಗೆ ಕೊಡಬೇಕಿತ್ತು.

ಹೊಸ ಕಥೆಯಲ್ಲಿ ಹಳೇ ಮನೆಯೇ ಇಲ್ಲ, ಬಾಗಿಲು ಮಾತ್ರ ಇದೆ. ಮುಳುಗಡೆಯವರು ಬಾಗಿಲು, ಮುಂಡಿಗೆ ಕಂಬ, ಹಂಚು ಕಿತ್ತುಕೊಂಡು ಹೊರಟವರು, ಅದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಥ ಒಂದು ಬಾಗಿಲ ಜೊತೆ ಮುದುಕಿ ದೆವ್ವವೂ ಬಂದಿದೆ. ಬಾಗಿಲು ಅದೇ, ಒಳಗಿನ ಮನೆ ಬೇರೆ. ಪಾಪ, ರಾತ್ರಿ ಎಲ್ಲ ಬಚ್ಚಲು ಹುಡುಕುತ್ತಾ ಫ್ರಿಜ್ಜಿಗೆ ಡಿಕ್ಕಿ ಹೊಡೆಯುತ್ತದೆ. ಹುಡುಗಿ ದಾರಿ ಹೇಳಬೇಕು.

ಗೆಳೆಯರೊಬ್ಬರು ಹಸ್ತಪ್ರತಿ ಓದಿ, "ಏನೂ ನೆನಪಿಲ್ಲದಿದ್ದರೆ ಅದು ಯಾಕಯ್ಯಾ ದೆವ್ವ ಆಗುತ್ತೆ?" ಅಂದರು. ಪ್ರೆಸ್ಸಿನವರು ಮುಖಪುಟಕ್ಕೆ ಕೆಂಪು ಕಣ್ಣು ಹಾಕೋಣ ಸಾರ್ ಅಂದರು. ಎರಡೂ ಕೇಳಲಿಲ್ಲ.

ಪದಗಳ ತೊಂದರೆಯೂ ಇದರಲ್ಲೇ ಬಗೆಹರಿಯಿತು. ಹಿಂದೆ ಪ್ರತಿ ಪುಟದ ಕೆಳಗೆ ಅರ್ಥ ಕೊಟ್ಟಿದ್ದೆ, ಒಂದು ಮಗುವೂ ನೋಡಲಿಲ್ಲ. ಈಗ ದೆವ್ವವೇ ಪದ ಮರೆಯುತ್ತದೆ. "ಅದೇ ಕಣೇ, ಗೋಡೆ ಉದ್ದಕ್ಕೂ ಮೇಲೆ ಹಲಗೆ, ಉಪ್ಪಿನಕಾಯಿ ಭರಣಿ ಇಡೋದು..." ಐದನೇ ಅಧ್ಯಾಯದ ಹೊತ್ತಿಗೆ ಮಕ್ಕಳೇ "ನಾಗಂದಿಗೆ!" ಅಂತ ಕಿರುಚುತ್ತಾರೆ. ಯಾವ ಪದವನ್ನು ಎಷ್ಟನೇ ಸಲಕ್ಕೆ ಮರೆಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನು ಮಾತ್ರ ಹೇಳುವುದಿಲ್ಲ.

ನಡುವೆ ಬೇಡದ ಪ್ರಯೋಗಗಳನ್ನೂ ಮಾಡಿದೆ. ಮೆಟ್ಟಿಲು ಎಷ್ಟು ಕಡಿದು ಅಂತ ತಿಳಿಯಲು ಕುಪ್ಪಳಿಯಲ್ಲಿ ಕುವೆಂಪು ಅವರ ಹಳೇ ಮನೆ, ಕವಿಮನೆಗೆ ಹೋಗಿ ಹತ್ತಿ ಇಳಿದೆ. ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ಹಾಡುತ್ತಾ ಮನೆ ಮನೆಗೆ ದೀಪ ಹೊತ್ತು ಬರುವ ಒಂದಿಡೀ ಅಧ್ಯಾಯ ಬರೆದೆ, ಹಾಡು ಚೆನ್ನಾಗಿತ್ತು, ಕಥೆ ಮಲಗಿತು, ಕಿತ್ತೆ. ಮಕ್ಕಳಿಗೆ ಮೂಸಲಿಕ್ಕೆ ಅಂತ ಬಾಟಲಿಯಲ್ಲಿ ಚೊಗರು ಒಯ್ದಾಗ ಒಬ್ಬನ ಬಿಳಿ ಅಂಗಿ ಮೇಲೆ ಚೆಲ್ಲಿತು. ಚೊಗರಿನ ಕಲೆ ಹೋಗುತ್ತಾ? ಅವನಮ್ಮನ ಹತ್ತಿರ ಬೈಸಿಕೊಂಡು 350 ರೂಪಾಯಿ ಕೊಟ್ಟು ಬಂದೆ. ಕೊನೇ ಅಧ್ಯಾಯ ಮಾತ್ರ ಮೊದಲೇ ಗೊತ್ತಿತ್ತು. ಲಿಂಗನಮಕ್ಕಿ ಹಿನ್ನೀರು ತುಂಬಿ ಗರಿಷ್ಠ ಮಟ್ಟ 1819 ಅಡಿ ಮುಟ್ಟಿದರೆ ಏನೂ ಕಾಣದು, ಬೇಸಿಗೆಯಲ್ಲಿ ಇಳಿದಾಗ ಅದರಲ್ಲೇ ಮುಳುಗಿದ ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೆ ಏಳುತ್ತದಲ್ಲ, ಅಲ್ಲಿಗೆ ದೆವ್ವವನ್ನು ಕರೆದುಕೊಂಡು ಹೋಗುತ್ತಾರೆ. ಮುಂದಿನದು ಪುಸ್ತಕದಲ್ಲಿದೆ.

ಈ ಸಲ ಹೆದರಿ 300 ಪ್ರತಿ ಹಾಕಿಸಿದೆ, 26 ಸಾವಿರದ ಆಸುಪಾಸು. ಬೆಲೆ 120. ಅಂಗಡಿಗೆ ಕೊಡದೆ ಶಾಲೆ ಶಾಲೆಗೆ ಹೊತ್ತುಕೊಂಡು ಹೋದೆ. ನಾಲ್ಕು ತಿಂಗಳಲ್ಲಿ ಖಾಲಿ. ಒಂದು ಬಳೆ ವಾಪಸ್ ಬಂದಿದೆ.

ಸಾಗರದ ಕಡೆ ಒಂದು ಶಾಲೆಯಲ್ಲಿ ಓದಿ ಮುಗಿಸಿದಾಗ ಒಬ್ಬಳು ಎದ್ದು ನಿಂತು, "ಸಾರ್, ನಮ್ದು ಬಾಡಿಗೆ ಮನೆ. ನಮ್ಮನೆಗೆ ದೆವ್ವ ಬರುತ್ತಾ?" ಅಂದಳು. ಉತ್ತರ ಹೊಳೆಯಲಿಲ್ಲ. ಮನೆ ಬಿಡುವಾಗ ಎಂತ ಕಿತ್ತುಕೊಂಡು ಹೋಗ್ತೀರಿ ಅಂತ ತಿರುಗಿ ಕೇಳಿದೆ. "ಕ್ಯಾಲೆಂಡರ್ ಮೊಳೆ" ಅಂದಳು. ಅವಳಪ್ಪ ಪ್ರತಿ ಸಲವೂ ಅದೇ ಮೊಳೆ ಕಿತ್ತು ಹೊಸ ಮನೆ ಗೋಡೆಗೆ ಹೊಡೆಯುತ್ತಾನಂತೆ. ಆ ಮೊಳೆ ಹಿಡಿದುಕೊಂಡು ಎರಡು ಅಧ್ಯಾಯ ಬರೆದಿದ್ದೇನೆ. ಮೂರನೆಯದು ಇನ್ನೂ ಕೂತಲ್ಲೇ ಕೂತಿದೆ.