ಕುದುರೆಮರಿಯ ನ್ಯುಮೋನಿಯಾ: ಗುಳಿಗೆ ಕುಡಿಸುವ ಸರಿಯಾದ ಕ್ರಮ

ವಿಜಯಪುರದ ಬೇಸಿಗೆಯಲ್ಲಿ ಲಾಯದ ಒಣ ಲದ್ದಿ ಧೂಳಾಗಿ ಏಳುತ್ತದೆ. ಆ ಧೂಳಿನ ಜೊತೆ ರೋಡೋಕಾಕಸ್ ಈಕ್ವೈ ಎಂಬ ಬ್ಯಾಕ್ಟೀರಿಯಾ ಮರಿಯ ಶ್ವಾಸಕೋಶ ಸೇರಿ ಕೀವುಗಡ್ಡೆ ಕಟ್ಟುತ್ತದೆ. ಮೂರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಇದರ ಕಾಟ ಹೆಚ್ಚು. ಜ್ವರ, ಏದುಸಿರು ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಬಲಿತಿರುತ್ತದೆ.

ಮೊದಲ ಗುಳಿಗೆಗೆ ಮುಂಚೆಯೇ ಪಶುವೈದ್ಯರಿಂದ ಶ್ವಾಸನಾಳದ ದ್ರವ ತೆಗೆಸಿ ಪರೀಕ್ಷೆಗೆ ಕಳಿಸಿ. ಸ್ಟ್ರೆಪ್ಟೋಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಪೆನಿಸಿಲಿನ್ ಸಾಕಾಗಬಹುದು. ರೋಡೋಕಾಕಸ್ ಮೈಯ ರಕ್ಷಕ ಕಣಗಳ ಒಳಗೇ ಅಡಗಿ ಕೂರುವುದರಿಂದ ಪೆನಿಸಿಲಿನ್‌ಗೆ ಬಗ್ಗುವುದಿಲ್ಲ. ಅಂಗಡಿಯವರು ಕೊಟ್ಟರೆಂದು ಎನ್ರೋಫ್ಲಾಕ್ಸಾಸಿನ್ ಚುಚ್ಚಿಸಲೇಬೇಡಿ, ಎಳೆ ಮರಿಯ ಕೀಲಿನ ಮೃದ್ವಸ್ಥಿ ಕೆಡುತ್ತದೆ.

ವೈದ್ಯರು ಸಾಮಾನ್ಯವಾಗಿ ಎರಡು ಔಷಧ ಜೋಡಿಸಿ ಬರೆಯುತ್ತಾರೆ. ಅಜಿತ್ರೋಮೈಸಿನ್ ಕಿಲೋ ತೂಕಕ್ಕೆ 10 ಮಿ.ಗ್ರಾಂ., ಮೊದಲ ಐದು ದಿನ ದಿನಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ. ರಿಫಾಂಪಿಸಿನ್ ಕಿಲೋಗೆ 5 ಮಿ.ಗ್ರಾಂ., ದಿನಕ್ಕೆರಡು ಸಲ. 60 ಕಿಲೋ ಮರಿಗೆ ಒಂದು ಸಲಕ್ಕೆ ಅಜಿತ್ರೋಮೈಸಿನ್ 600, ರಿಫಾಂಪಿಸಿನ್ 300 ಮಿ.ಗ್ರಾಂ. ಆಯಿತು. ರಿಫಾಂಪಿಸಿನ್ ಒಂದನ್ನೇ ಕೊಟ್ಟರೆ ಬ್ಯಾಕ್ಟೀರಿಯಾ ಬೇಗ ಅದಕ್ಕೆ ಒಗ್ಗಿಬಿಡುತ್ತದೆ. ಮರಿ ದಿನದಿನಕ್ಕೆ ಬೆಳೆಯುವುದರಿಂದ ವಾರಕ್ಕೊಮ್ಮೆ ಕಾಟಾದ ಮೇಲೆ ನಿಲ್ಲಿಸಿ, ಪ್ರಮಾಣ ತಿದ್ದಿಸಿಕೊಳ್ಳಿ. ಕಣ್ಣಂದಾಜು ಬೇಡ.

ಹೆಚ್ಚಿನವರು ಎಡವುವುದು ಕುಡಿಸುವಾಗ. ಗುಳಿಗೆಯನ್ನು ನುಣ್ಣಗೆ ಅರೆದು, ಕ್ಯಾಪ್ಸೂಲ್ ಬಿಚ್ಚಿ, 20 ಮಿ.ಲೀ. ಕಾಕವಿಯಲ್ಲಿ ಕಲಸಿ. ನೀರಲ್ಲಿ ಕಲಸಿದರೆ ಅರ್ಧ ಬಾಯಿಂದಲೇ ಸುರಿದುಹೋಗುತ್ತದೆ. ರಿಫಾಂಪಿಸಿನ್ ಕೈಗೆ, ಬಟ್ಟೆಗೆ ಕೆಂಪು ಕಲೆ ಹಿಡಿಸುತ್ತದೆ, ಕೈಗವಸು ಹಾಕಿಕೊಳ್ಳಿ. ಸೂಜಿ ಇಲ್ಲದ, ಮೂತಿ ದಪ್ಪಗಿರುವ ಸಿರಿಂಜಿಗೆ ತುಂಬಿ. ಮರಿಯ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಿಸಿ, ಒಬ್ಬರು ಎದೆ ಮತ್ತು ಪೃಷ್ಠ ಹಿಡಿಯಲಿ. ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಸಂದಿಯಿಂದ ಸಿರಿಂಜ್ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ಸ್ವಲ್ಪ ಸ್ವಲ್ಪವೇ ಬಿಡುತ್ತ, ಪ್ರತಿ ಸಲವೂ ನುಂಗುವುದನ್ನು ನೋಡಿ. ತಲೆ ಮಟ್ಟಸವಾಗಿರಲಿ. ಗೊಟ್ಟ ಹಾಕುವವರಂತೆ ಮುಸುಡಿ ಮೇಲೆತ್ತಿದರೆ ಔಷಧ ಶ್ವಾಸನಾಳಕ್ಕಿಳಿದು, ಇದ್ದ ನ್ಯುಮೋನಿಯಾ ಇನ್ನೂ ಹೆಚ್ಚುತ್ತದೆ.

ಕುಡಿಸಿದ ಕೂಡಲೇ ಮರಿಯ ಬಾಯಿ, ಗಲ್ಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆದುಕೊಂಡೇ ಮೇವು ಮುಟ್ಟಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಮರಿಯ ಬಾಯಿ ನೆಕ್ಕಿದ ತಾಯಿಕುದುರೆಗೆ ಅಜಿತ್ರೋಮೈಸಿನ್ ಗುಂಪಿನ ಔಷಧದ, ಅದರಲ್ಲೂ ಎರಿತ್ರೋಮೈಸಿನ್‌ನ, ಅಲ್ಪಾಂಶ ಹೊಟ್ಟೆಗೆ ಹೋದರೂ ಕರುಳು ಕೆಟ್ಟು, ಭೇದಿಯಾಗಿ ಜೀವಕ್ಕೇ ಕುತ್ತಾಗಬಹುದು.

ಈ ಗುಂಪಿನ ಔಷಧಗಳು ಮರಿಯ ಬೆವರನ್ನೂ ತಡೆಯಬಹುದು. 40 ಡಿಗ್ರಿ ಬಿಸಿಲಿನಲ್ಲಿ ಬೆವರದ ಮರಿ ಒಳಗೇ ಕಾದುಹೋಗುತ್ತದೆ. ಹಗಲೆಲ್ಲ ಬೇವಿನ ನೆರಳು ಅಥವಾ ಗಾಳಿಯಾಡುವ ಲಾಯ, ಮೇಯಲು ಬೆಳಿಗ್ಗೆ, ಸಂಜೆ ಮಾತ್ರ. ಮಧ್ಯಾಹ್ನದ ಜ್ವರ 104 ಫ್ಯಾರನ್‌ಹೀಟ್ ದಾಟಿದರೆ ಮೈಮೇಲೆ ತಣ್ಣೀರು ಹೊಯ್ದು ವೈದ್ಯರನ್ನು ಕರೆಯಿರಿ. ಮೂತ್ರ ಕಿತ್ತಳೆಗೆಂಪಾದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ನೀರಿನಂಥ ಭೇದಿ ಶುರುವಾದರೆ ಮಾತ್ರ ಮುಂದಿನ ಗುಳಿಗೆಗೆ ಮೊದಲು ಫೋನ್ ಮಾಡಿ.

ವಾರದಲ್ಲಿ ಮರಿ ಚೇತರಿಸಿಕೊಂಡು ಜಿಗಿದಾಡಿದರೂ ಕೀವು ಒಳಗೇ ಇರುತ್ತದೆ. ಸಾಮಾನ್ಯವಾಗಿ 4ರಿಂದ 12 ವಾರ ಬೇಕು. ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆ ಕರಗಿದ್ದು ಕಂಡು, ವೈದ್ಯರು ಹೇಳಿದ ಮೇಲೆಯೇ ನಿಲ್ಲಿಸಿ.